ಸೆನನ್ ಮಲಗಿಕೊಂಡೇ ಬರಬೇಕಿತ್ತು

ನೋರೀನ್ ಟಾಲ್ಟಿಯ ಶಾಲಾ ಬಸ್ಸಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಕಿಲ್ಬಾಹದಲ್ಲಿ ಮೊದಲ ಮಗುವನ್ನು ಹತ್ತಿಸಿಕೊಂಡು, ಕ್ರಾಸ್ ಊರು ದಾಟಿ, ಕ್ಯಾರಿಗಹೋಲ್ಟಿನ ಮೇಲೆ ಹಾದು ಕಿಲ್ಕೀ ಮುಟ್ಟುವಷ್ಟರಲ್ಲಿ ಬಸ್ಸು ತುಂಬಿರುತ್ತದೆ. ಬಸ್ಸು ಅವಳದೇ. ಓಡಿಸುವವಳೂ ಅವಳೇ, ತೊಳೆಯುವವಳೂ ಅವಳೇ. ಮಕ್ಕಳು ಗಲಾಟೆ ಮಾಡಿದರೆ ಅವಳು ಬಯ್ಯುವುದಿಲ್ಲ, ಬಸ್ಸಿನ ವೇಗ ಇಳಿಸುತ್ತಾಳೆ. ಸಂಜೆ ಮನೆಗೆ ಹೋಗುವ ಆತುರದಲ್ಲಿರುವ ಮಕ್ಕಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲ. ಎರಡು ನಿಮಿಷದಲ್ಲಿ ಬಸ್ಸು ತಣ್ಣಗಾಗುತ್ತದೆ.

ಮಾತು ಕಡಿಮೆ. ಯಾರ ಹತ್ತಿರವೂ ಏನನ್ನೂ ಕೇಳಿದವಳಲ್ಲ. ಅವಳ ಬಗ್ಗೆ ಊರಿನಲ್ಲಿ ನಗುವುದಕ್ಕೆ ಇದ್ದದ್ದು ಒಂದೇ ವಿಷಯ, ಅವಳ ಪಾಯಿಂಟುಗಳು. ಬಸ್ಸಿನ ಡೀಸೆಲ್ಲು, ಟೈರು, ವಿಮೆ, ಮನೆಯ ಹಾಲು, ಹಿಟ್ಟು, ಎಲ್ಲವನ್ನೂ ಅವಳು ಒಂದೇ ಕಾರ್ಡಿನಲ್ಲಿ ಕೊಳ್ಳುತ್ತಿದ್ದಳು. ಖರ್ಚು ಮಾಡಿದಷ್ಟೂ ಒಂದು ವಿಮಾನ ಕಂಪನಿ ಅವಳ ಖಾತೆಗೆ ಪಾಯಿಂಟು ಹಾಕುತ್ತಿತ್ತು. ವರ್ಷ ವರ್ಷ ಸೇರುತ್ತಾ ಹೋಯಿತೇ ಹೊರತು ಅವಳು ಎಲ್ಲಿಗೂ ಹಾರಲಿಲ್ಲ. ಪಬ್ಬಿನ ಮೈಕೀ ಮಾತ್ರ ಸಿಕ್ಕಾಗಲೆಲ್ಲ ಕೇಳುತ್ತಿದ್ದ, "ಏನಮ್ಮಾ ನೋರೀನ್, ಆ ಪಾಯಿಂಟೆಲ್ಲ ಸ್ವರ್ಗಕ್ಕೆ ಹೋಗೋವಾಗ ಬೇಕಾಗುತ್ತೆ ಅಂತ ಇಟ್ಕೊಂಡಿದ್ದೀಯಾ?" ನೋರೀನ್ ಅವನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಅದು ಯಾತಕ್ಕೆ ಎಂದು ನನಗೆ ಗೊತ್ತಿತ್ತು. ಅವಳಿಗೆ ಒಬ್ಬ ತಮ್ಮ, ಸೆನನ್. ಇಪ್ಪತ್ತರ ಹುಡುಗನಾಗಿದ್ದಾಗ ಬೇಸಿಗೆ ರಜೆಗೆಂದು ಬಾಸ್ಟನ್‌ಗೆ ಹೋದವನು ವಾಪಸು ಬರಲಿಲ್ಲ. ಅಲ್ಲಿ ಸೂರು ಹೊದಿಸುವ ಕೆಲಸಕ್ಕೆ ಸೇರಿದ. ಕೈಕೆಲಸ ಚೆನ್ನಾಗಿತ್ತು, ದುಡಿಮೆಯೂ ಇತ್ತು, ಕಾಗದಪತ್ರ ಮಾತ್ರ ಇರಲಿಲ್ಲ. ಹಾಗೆ ಉಳಿದುಕೊಂಡವರು ಒಂದು ಸಲ ಆ ದೇಶ ಬಿಟ್ಟರೆ ಮತ್ತೆ ಒಳಗೆ ಸೇರಿಸುವುದಿಲ್ಲ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹೀಗೆ ಒಬ್ಬರಿದ್ದಾರೆ. ಅವನು ಬರಲಾಗದಿದ್ದರೆ ತಾನೇ ಹೋಗಿ ನೋಡಿ ಬರುತ್ತೇನೆ ಎಂದು ನೋರೀನ್ ಪಾಯಿಂಟು ಕೂಡಿಡಲು ಶುರುಮಾಡಿದ್ದು. ಆಮೇಲೆ ಅಮ್ಮನಿಗೆ ಲಕ್ವ ಹೊಡೆಯಿತು. ಅಮ್ಮನನ್ನು ಎತ್ತುವುದು, ಇಳಿಸುವುದು, ಉಣಿಸುವುದು ಎಲ್ಲ ಇವಳೊಬ್ಬಳ ಪಾಲಾಯಿತು. ಅಮ್ಮ ತೀರಿಕೊಂಡಾಗಲೂ ಸೆನನ್ ಬರಲಿಲ್ಲ. ಮಣ್ಣು ಮಾಡಿದ ಸಂಜೆ ಅವನು ಫೋನು ಮಾಡಿದಾಗ ನೋರೀನ್ ಒಂದು ಮಾತು ಆಡಿಬಿಟ್ಟಳು. ಅಲ್ಲಿಂದ ಮುಂದೆ ಕ್ರಿಸ್‌ಮಸ್ಸಿಗೊಂದು ಫೋನು, ಅದೂ ಹವಾಮಾನದ ವಿಷಯ. ಡೀಸೆಲ್ಲಿಗೆ ಅದೇ ಕಾರ್ಡು ಉಜ್ಜುವುದು ಮಾತ್ರ ಅವಳು ನಿಲ್ಲಿಸಲಿಲ್ಲ.

ಎರಡು ವರ್ಷದ ಹಿಂದೆ ಚಳಿಗಾಲ ಮುಗಿಯುತ್ತಿದ್ದಾಗ ಸೆನನ್ ಮೂರಂತಸ್ತಿನ ಮನೆಯೊಂದರ ಸೂರಿನಿಂದ ಬಿದ್ದ. ಸೊಂಟದ ಮೂಳೆ ಒಡೆದು, ಬೆನ್ನುಮೂಳೆ ಬಿರುಕು ಬಿಟ್ಟಿತ್ತು. ಅಲ್ಲಿನ ಆಸ್ಪತ್ರೆಯವರು ಸ್ಟೀಲಿನ ತಿರುಪು ಹಾಕಿ ಕೂಡಿಸಿದರು. ಜೀವಕ್ಕೆ ಅಪಾಯ ಇರಲಿಲ್ಲ. ಆದರೆ ಮುಂದಿನ ಚಿಕಿತ್ಸೆಗೆ ಅವನಿಗೆ ಅಲ್ಲಿ ದಾರಿ ಇರಲಿಲ್ಲ, ಏಣಿ ಹತ್ತುವ ಕೆಲಸವಂತೂ ಮುಗಿದ ಹಾಗೆಯೇ. ಜೊತೆಗಿದ್ದ, ನಮ್ಮ ಪಕ್ಕದ ಊರು ಕಿಲ್ರಷ್‌ನ ಕೋಲ್ಮನ್ ಹೆಹಿರ್ ಎಂಬುವನು ಅವನನ್ನು ತನ್ನ ಕೋಣೆಯಲ್ಲಿ ಇಟ್ಟುಕೊಂಡು ನೋಡಿಕೊಳ್ಳುತ್ತಿದ್ದ. ನೋರೀನ್‌ಗೆ ಫೋನು ಮಾಡಿದ್ದು ಅವನೇ, ಸೆನನ್ ಅಲ್ಲ.

ನೋರೀನ್ ಮಾರನೇ ದಿನದಿಂದ ಓಡಾಟ ಶುರುಮಾಡಿದಳು. ಲಿಮರಿಕ್‌ನಲ್ಲಿ ಇಂಥವರಿಗೆ ಮತ್ತೆ ನಡೆಯಲು ಕಲಿಸುವ ಆಸ್ಪತ್ರೆಯೊಂದರಲ್ಲಿ ಹಾಸಿಗೆ ಕೇಳಿದಳು. ಬಹಳ ದಿನ ಕಾದ ಮೇಲೆ ಅವರು ಮುಂದಿನ ಒಂದು ಸೋಮವಾರವನ್ನು ಗೊತ್ತುಮಾಡಿದರು. ಅಂದು ಬಂದು ಸೇರಿದರೆ ಸರಿ, ಇಲ್ಲದಿದ್ದರೆ ಹಾಸಿಗೆ ಮುಂದಿನವರಿಗೆ, ಮತ್ತೆ ಸರದಿ ಯಾವಾಗ ಬರುತ್ತದೋ ಹೇಳಲಾಗದು ಎಂದರು. ಅದಕ್ಕೆ ಮುಂಚಿನ ಶುಕ್ರವಾರ ಬಾಸ್ಟನ್ನಿನಿಂದ ಹೊರಟು ಶನಿವಾರ ಬೆಳಿಗ್ಗೆ ನಮಗೆ ಹತ್ತಿರದ ವಿಮಾನ ನಿಲ್ದಾಣ ಶ್ಯಾನನ್‌ಗೆ ಬರುವ ವಿಮಾನದಲ್ಲಿ ನೋರೀನ್ ತನ್ನ ಪಾಯಿಂಟಿನಿಂದ ಸೆನನ್ ಹೆಸರಿಗೆ ಒಂದು ಸೀಟು ಮಾಡಿಸಿದಳು. ಎಕಾನಮಿ ಸೀಟು. ಸೆನನ್ ಫೋನಿನಲ್ಲಿ ಹೂಂ ಅಂದ.

ಅಲ್ಲಿನ ಸರ್ಜನ್ ಅಡ್ಡ ಬಂದರು. ಊಟಕ್ಕೆ ಕೂರುವಷ್ಟು ಹೊತ್ತು ಕೂರಬಹುದು, ಅದಕ್ಕಿಂತ ಹೆಚ್ಚು ಕೂತರೆ ಕೂಡಿಸಿದ್ದೆಲ್ಲ ಜರುಗುತ್ತದೆ. ರಾತ್ರಿಯಿಡೀ ಹಾರಬೇಕಾದರೆ ಚಪ್ಪಟೆಯಾಗಿ ಮಲಗಿಯೇ ಹೋಗಬೇಕು, ಹಾಗಿದ್ದರೆ ಮಾತ್ರ ಸಹಿ ಹಾಕುತ್ತೇನೆ ಎಂದರು. ವಿಮಾನದಲ್ಲಿ ಚಪ್ಪಟೆಯಾಗಿ ಮಲಗುವುದು ಎಂದರೆ ಮುಂದಿನ ಪರದೆಯಾಚೆ, ಬಿಸಿನೆಸ್ ಕ್ಲಾಸಿನಲ್ಲಿ, ಸೀಟೇ ಬಿಚ್ಚಿ ಹಾಸಿಗೆಯಾಗುವ ಕಡೆ.

ನೋರೀನ್ ಹತ್ತಿರ ಪಾಯಿಂಟು ಸಾಲದೇ ಇರಲಿಲ್ಲ, ಅಷ್ಟೂ ವರ್ಷದ್ದು ಇತ್ತಲ್ಲ. ತೊಂದರೆ ಬೇರೆ. ಪಾಯಿಂಟಿಗೆ ಕೊಡುವ ಸೀಟುಗಳನ್ನು ಕಂಪನಿಯವರು ತಮಗೆ ಬೇಕಾದಾಗ, ಬೇಕಾದಷ್ಟು ಮಾತ್ರ ಬಿಡುತ್ತಾರೆ. ಆ ಶುಕ್ರವಾರದ ವಿಮಾನದಲ್ಲಿ ಮುಂದೆ ಸೀಟು ಖಾಲಿ ಇದ್ದವು, ಆದರೆ ದುಡ್ಡಿಗೆ. ಆ ದುಡ್ಡು ನೋರೀನ್ ಬಸ್ಸು ಮಾರಿದರೆ ಹುಟ್ಟುವಂಥದ್ದು. ಪಾಯಿಂಟಿಗೆ ಒಂದೂ ಇರಲಿಲ್ಲ. ಬಿಟ್ಟರೆ ಬಿಡಬಹುದು, ಬಿಡದೇ ಇರಬಹುದು, ದಿನಾ ಕೇಳುತ್ತಿರಿ ಎಂದರು.

ಹಾಗಾಗಿ ದಿನಾ ಬೆಳಿಗ್ಗೆ ಬಸ್ಸಿಗೆ ಕೀಲಿ ಹಾಕುವ ಮುಂಚೆ ನೋರೀನ್ ಅಂಗಳದಲ್ಲಿ ನಿಂತು ಫೋನು ಮಾಡುತ್ತಿದ್ದಳು. ನಾನು ಬಸ್ಸಿನ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದೆ. ಅವಳು "ಸರಿ, ಥ್ಯಾಂಕ್ಸ್" ಅಂದಳೆಂದರೆ ಇಲ್ಲ ಎಂದು ಅರ್ಥ. ಫೋನು ಎತ್ತುವವರು ದಿನಕ್ಕೊಬ್ಬರು. ಆದರೆ ಕಂಪನಿಯ ಡಬ್ಲಿನ್ ಆಫೀಸಿನಲ್ಲಿದ್ದ ಜೋಫಿಯಾ ಎಂಬ ಪೋಲಿಷ್ ಹೆಂಗಸು ಒಂದೆರಡು ಸಲ ಸಿಕ್ಕವಳು ಕತೆಯೆಲ್ಲ ಕೇಳಿಸಿಕೊಂಡಳು. ನಾನೂ ಕಣ್ಣಿಟ್ಟಿರುತ್ತೇನೆ, ಬಿಟ್ಟ ತಕ್ಷಣ ನಾನೇ ಫೋನು ಮಾಡುತ್ತೇನೆ, ಆದರೆ ಬಿಟ್ಟ ಸೀಟನ್ನು ನಾನು ಹಿಡಿದಿಡುವ ಹಾಗಿಲ್ಲ, ನೀವು ಆಗಲೇ ಹೂಂ ಅನ್ನಬೇಕು ಎಂದಳಂತೆ.

ಎಲ್ಲರೂ ಹೀಗೆ ಹೇಳುತ್ತಾರೆ ಎಂದು ನಾನು ಅಂದುಕೊಂಡೆ. ನೋರೀನ್ ಏನಂದುಕೊಂಡಳೋ. ಫೋನನ್ನು ಮಾತ್ರ ಸ್ಟೀರಿಂಗ್ ಪಕ್ಕದ ಗೂಡಿನಲ್ಲಿ, ಸದ್ದು ಜೋರಾಗಿಟ್ಟು, ಎದುರಿಗೇ ಇಟ್ಟುಕೊಂಡಳು. ಅದಕ್ಕೆ ಮುಂಚೆ ಅವಳು ಬಸ್ಸಿನಲ್ಲಿ ಫೋನು ಹೊರಗೆ ತೆಗೆದದ್ದನ್ನು ನಾನು ಕಂಡಿರಲಿಲ್ಲ.

ದಿನಗಳು ಕರಗಿದವು. ವಿಮಾನ ಹೊರಡುವ ವಾರದ ಮಂಗಳವಾರವೂ ಬಂತು. ಸಂಜೆಯ ಟ್ರಿಪ್ಪಿನಲ್ಲಿ, ಕ್ರಾಸ್ ಊರು ದಾಟಿ ರಸ್ತೆ ಕಿರಿದಾಗುವ ಕಡೆ ಫೋನು ಬಡಿದುಕೊಂಡಿತು. ಮುಂದೆ ಟ್ರ್ಯಾಕ್ಟರೊಂದು ಹೋಗುತ್ತಿತ್ತು, ಎಡಕ್ಕೆ ಕಲ್ಲಿನ ಗೋಡೆ, ನಿಲ್ಲಿಸಲು ಜಾಗವಿಲ್ಲ. ಫೋನು ಬಡಿದುಕೊಂಡು ಬಡಿದುಕೊಂಡು ನಿಂತಿತು. ನೋರೀನ್ ಕುತ್ತಿಗೆ ಕೆಂಪಾಗಿದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು. ಹಾಲು ಡಬ್ಬಿ ಇಡುವ ಗೇಟಿನ ಹತ್ತಿರ ಒಂದಿಷ್ಟು ಅಗಲ ಸಿಕ್ಕಿದಾಗ ಬಸ್ಸನ್ನು ಹುಲ್ಲಿನ ಮೇಲೆ ಹತ್ತಿಸಿ ನಿಲ್ಲಿಸಿದಳು. ಅವಳು ಆ ದಾರಿಯಲ್ಲಿ ಹಾಗೆ ನಿಲ್ಲಿಸಿದ್ದನ್ನು ಯಾವ ಮಗುವೂ ನೋಡಿರಲಿಲ್ಲ.

ಅವಳು ವಾಪಸು ಫೋನು ಮಾಡುವ ಮುಂಚೆಯೇ ಮತ್ತೆ ಬಡಿಯಿತು. ಜೋಫಿಯಾ. ಒಂದೇ ಒಂದು ಸೀಟು ಬಿಟ್ಟಿದ್ದಾರೆ. ಬೇರೆ ಯಾರಾದರೂ ಎಲ್ಲಿಂದಾದರೂ ಅದನ್ನು ಈಗಲೇ ತೆಗೆದುಕೊಳ್ಳಬಹುದು. ಇನ್ನೊಂದು ವಿಷಯವನ್ನೂ ಅವಳು ಬಿಡಿಸಿ ಹೇಳಿದಳು: ಮುಂದಿನ ಸೀಟಿಗೆ ಏರಿಸಿದರೆ ಹಿಂದಿನ ಸೀಟು ಕೈಬಿಟ್ಟು ಹೋಗುತ್ತದೆ, ಆಮೇಲೆ ಬೇಡ ಅಂದರೆ ಅದು ಮತ್ತೆ ಸಿಗುತ್ತದೆ ಎಂದು ಹೇಳಲಾಗದು, ಪಾಯಿಂಟೂ ಬಹುಪಾಲು ಖಾಲಿಯಾಗುತ್ತದೆ.

"ನಿಮ್ಮ ತಮ್ಮನ್ನ ಒಂದ್ಮಾತು ಕೇಳ್ಬೇಕಾ?" ಅಂದಳು ಜೋಫಿಯಾ.

"ಬೇಡ. ಹಾಕಿ," ಅಂದಳು ನೋರೀನ್.

ಆಮೇಲೆ ಬಸ್ಸು ಹೊರಟಿತು. ಸ್ವಲ್ಪ ಮುಂದೆ ಹೋದ ಮೇಲೆ ಒಂದು ಹುಡುಗಿ ನನ್ನ ತೋಳು ಜಗ್ಗಿ ಯಾರಾದರೂ ಸತ್ತರಾ ಎಂದು ಪಿಸುಗುಟ್ಟಿದಳು. ಇಲ್ಲ ಪುಟ್ಟಾ ಅಂದೆ.

ಟ್ರಿಪ್ಪು ಮುಗಿಸಿ ಅವಳ ಅಡುಗೆಮನೆಗೆ ಹೋದೆವು. ಚಹಾಕ್ಕಿಟ್ಟು, ಸೋಡಾ ಬ್ರೆಡ್ಡು ಕೊಯ್ದು ಬೆಣ್ಣೆ ಹಚ್ಚುತ್ತಾ ನೋರೀನ್ ಸೆನನ್‌ಗೆ ಫೋನು ಹಚ್ಚಿ ಮೇಜಿನ ಮೇಲಿಟ್ಟಳು. ಕೈ ಎರಡೂ ಬೆಣ್ಣೆಯಾಗಿದ್ದರಿಂದ ಸ್ಪೀಕರಿನಲ್ಲಿ ಹಾಕಿದ್ದಳು. ಎದ್ದು ಹೋಗೋಣ ಎಂದುಕೊಂಡೆ, ಆಗಲಿಲ್ಲ. ಸೀಟು ಸಿಕ್ಕಿತು ಎಂದು ಅವಳು ಹೇಳಿದಳು.

"ನಿನ್ನನ್ನ ಯಾರು ಕೇಳಿದ್ರು?" ಅಂದ ಸೆನನ್.

"ಯಾರೂ ಕೇಳ್ಲಿಲ್ಲ. ಕೇಳೋಷ್ಟು ಹೊತ್ತು ಇರ್ಲಿಲ್ಲ."

"ನಾನಿನ್ನೂ ಬರ್ತೀನಿ ಅಂತ ಹೇಳಿಲ್ಲ."

"ಮೊದ್ಲು ಬುಕ್ ಮಾಡ್ದಾಗ ಹೂಂ ಅಂದಿದ್ದೆ."

"ಅವಾಗ ಡಾಕ್ಟ್ರು ಬಿಡಲ್ಲ ಅಂತ ನಂಗೊತ್ತಿತ್ತು ಕಣೇ."

ನೋರೀನ್ ಚಾಕು ಕೆಳಗಿಟ್ಟಳು. ಅವನು ಮಾತು ನಿಲ್ಲಿಸಲಿಲ್ಲ. ಇಲ್ಲಿ ನನ್ನ ಏಣಿ ಇದೆ, ವ್ಯಾನು ಇದೆ, ಮಾತಾಡಿಸುವ ನಾಲ್ಕು ಜನ ಇದ್ದಾರೆ, ಬಿಟ್ಟು ಬಂದರೆ ಮತ್ತೆ ಈ ನೆಲ ಮೆಟ್ಟುವ ಹಾಗಿಲ್ಲ ಎಂದ. ಅಲ್ಲಿಗೆ ಬಂದು ಮಾಡುವುದೇನು ಎಂದ.

"ಅಮ್ಮನ್ನ ಮಣ್ಣು ಮಾಡೋಕೂ ಬರದೇ ಇದ್ದೋನು ಈಗ ತನ್ನ ಸೊಂಟ ಮುರ್ಕೊಂಡ ಮೇಲೆ ಮನೆ ನೆನಪಾಯ್ತು ನೋಡು ಅಂತ ಊರೋರೆಲ್ಲ ಆಡ್ಕೋಬೇಕಾ? ಅವತ್ತು ನೀನೇ ಅಂದ್ಯಲ್ಲ, ಅಮ್ಮನಿಗೆ ಇದ್ದಿದ್ದು ಒಬ್ಬಳೇ ಮಗಳು ಅಂತ."

"ಅಂದಿದ್ದೆ," ಅಂದಳು ನೋರೀನ್. ಅಷ್ಟೇ. ಇಲ್ಲ ಅನ್ನಲಿಲ್ಲ, ತಪ್ಪಾಯಿತು ಎಂದೂ ಅನ್ನಲಿಲ್ಲ.

"ನಾನು ನೋಡ್ತಾ ಇದ್ದೆ ಕಣೇ," ಅಂದ ಸೆನನ್. ದನಿ ಸಣ್ಣದಾಗಿತ್ತು. "ಚರ್ಚಿನ ಕ್ಯಾಮೆರಾದಲ್ಲಿ ತೋರಿಸ್ತಾರಲ್ಲ, ಅದ್ರಲ್ಲಿ. ಇಲ್ಲಿ ಇನ್ನೂ ಕತ್ಲು. ಕೆಲ್ಸಕ್ಕೆ ಹೋಗೋ ಮುಂಚೆ ವ್ಯಾನಲ್ಲಿ ಕೂತ್ಕೊಂಡು, ಕೋಲ್ಮನ್ ಫೋನ್ ಹಿಡ್ಕೊಂಡಿದ್ದ. ಪೂಜೆ ಮುಗಿಯೋವರ್ಗೂ ನಿನ್ ಬೆನ್ನೇ ಕಾಣ್ತಿತ್ತು. ನಿನ್ ಕೋಟಿನ ಪಟ್ಟಿ ಒಂದ್ಕಡೆ ಕಿತ್ಕೊಂಡು ನೇತಾಡ್ತಿತ್ತು. ಅಷ್ಟು ಜನ ಇದ್ದಾರೆ, ಯಾರಾದ್ರೂ ಅದನ್ನ ಸರಿ ಮಾಡ್ಬಾರ್ದಾ ಅಂತ ಅದೊಂದೇ ಯೋಚ್ನೆ. ಅಮ್ಮನ ಬಗ್ಗೆ ಏನೂ ತೋಚ್ಲೇ ಇಲ್ಲ."

ಅವನು ನೋಡುತ್ತಿದ್ದ ಎಂದು ನೋರೀನ್‌ಗೆ ಗೊತ್ತಿರಲಿಲ್ಲ. ಅಂದು ಅವಳ ಹಿಂದಿನ ಸಾಲಿನಲ್ಲೇ ಕೂತಿದ್ದ ನನಗೂ ಆ ಪಟ್ಟಿ ಕಂಡಿರಲಿಲ್ಲ. ಅವಳು ಕಿಟಕಿಯ ಕಡೆ ತಿರುಗಿ, ಬೆಣ್ಣೆ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು. ಒರೆಸಿದ್ದನ್ನೇ ಒರೆಸಿಕೊಂಡಳು.

"ಶುಕ್ರವಾರ ವಿಮಾನ," ಅಂದಳು ಕೊನೆಗೆ. "ಬರ್ತೀಯೋ ಇಲ್ವೋ, ಅದೊಂದು ಹೇಳು."

"ಬರ್ತೀನಿ," ಅಂದ. ಸ್ವಲ್ಪ ಬಿಟ್ಟು, "ಆ ಕೋಟು ಇನ್ನೂ ಇದ್ಯಾ?"

"ನಾಯಿಗೆ ಹಾಸಿದ್ದೀನಿ."

ಆ ಕಡೆಯಿಂದ ಬಂದದ್ದು ನಗುವೋ ಕೆಮ್ಮೋ ನನಗೆ ತಿಳಿಯಲಿಲ್ಲ.

ಶುಕ್ರವಾರ ಸಂಜೆಯ ಟ್ರಿಪ್ಪು ಮುಗಿಸಿ ಅವಳ ಮನೆಯಲ್ಲೇ ಉಳಿದೆ. ಮೇ ತಿಂಗಳು, ಬೆಳಕು ಬಹಳ ಹೊತ್ತು ಇರುತ್ತದೆ. ಬಾಸ್ಟನ್ನಿನಲ್ಲಿ ಆಗ ಮಧ್ಯಾಹ್ನ. ಕೋಲ್ಮನ್ ವ್ಯಾನಿನ ಹಿಂದೆ ಹಾಸಿಗೆ ಹಾಕಿ ಸೆನನ್‌ನನ್ನು ಏರ್‌ಪೋರ್ಟಿಗೆ ಕರೆತಂದಿದ್ದ. ಒಳಗೆ ಗಾಲಿಕುರ್ಚಿ ಕೊಟ್ಟಿದ್ದಾರೆ, ಕೌಂಟರಿನ ಹತ್ತಿರ ಹೋಗುತ್ತಿದ್ದೇವೆ ಎಂದು ಫೋನು ಮಾಡಿದ. ನೋರೀನ್ ಹ್ಯಾಮ್ ಸ್ಯಾಂಡ್‌ವಿಚ್ ಮಾಡಿಟ್ಟಿದ್ದಳು. ನಾನು ಒಂದು ಕಚ್ಚಿದೆ, ಅವಳು ಮುಟ್ಟಲಿಲ್ಲ.

ಮತ್ತೆ ಕೋಲ್ಮನ್ ಫೋನು ಬಂದಾಗ ಅವನ ದನಿಯಲ್ಲೇ ಗೊತ್ತಾಯಿತು. ಕೌಂಟರಿನವಳು ಹೇಳುತ್ತಿದ್ದಾಳೆ: ಸೆನನ್ ಹೆಸರಿಗೆ ಮುಂದೆ ಸೀಟು ಕಾಣುತ್ತಿದೆ, ಆದರೆ ಟಿಕೆಟ್ ಇಲ್ಲ. ಸೀಟು ಏರಿಸಿದಾಗ ಹಳೇ ಟಿಕೆಟ್ ರದ್ದಾಗಿದೆ, ಹೊಸ ಟಿಕೆಟ್ ಹುಟ್ಟಬೇಕಾದದ್ದು ನಡುವೆ ಎಲ್ಲೋ ಸಿಕ್ಕಿಕೊಂಡಿದೆ. ಟಿಕೆಟ್ ಇಲ್ಲದೆ ಬೋರ್ಡಿಂಗ್ ಪಾಸ್ ಬರುವುದಿಲ್ಲ. ಪಾಯಿಂಟಿನ ಟಿಕೆಟನ್ನು ಏರ್‌ಪೋರ್ಟಿನವರು ಮುಟ್ಟುವ ಹಾಗಿಲ್ಲ, ಪಾಯಿಂಟಿನ ಆಫೀಸಿನವರೇ ಸರಿಮಾಡಬೇಕು. ಅವರು ಪಾಯಿಂಟು ಯಾರದೋ ಅವರ ಜೊತೆ ಬಿಟ್ಟು ಬೇರೆ ಯಾರ ಜೊತೆಗೂ ಮಾತಾಡುವುದಿಲ್ಲ.

ನೋರೀನ್ ನನ್ನ ಫೋನು ಕಸಿದುಕೊಂಡು, ಅದರಿಂದ ಕೋಲ್ಮನ್‌ಗೆ ಹಚ್ಚಿ, ಇದರಲ್ಲಿ ಮಾತಾಡು ಎಂದಳು. ತನ್ನ ಫೋನಿನಲ್ಲಿ ಆಫೀಸಿಗೆ ಹಚ್ಚಿದಳು. ಎರಡನ್ನೂ ಸ್ಪೀಕರಿಗೆ ಹಾಕಿದಳು. ಒಂದು ಕಿವಿಗೆ ಬಾಸ್ಟನ್, ಇನ್ನೊಂದು ಕಿವಿಗೆ ಕಾಯಿಸುವವರ ಪಿಟೀಲು ಸಂಗೀತ. ಬಹಳ ಹೊತ್ತಾದ ಮೇಲೆ ಒಬ್ಬ ಗಂಡಸು ಎತ್ತಿದ. ಜೋಫಿಯಾ ಇದ್ದಾಳಾ ಎಂದು ಕೇಳಿದಳು; ಅವಳ ಪಾಳಿ ಮುಗಿದಿತ್ತು. ಅವನು ಹುಟ್ಟಿದ ದಿನ ಕೇಳಿದ, ಮನೆ ವಿಳಾಸ ಕೇಳಿದ, ಅಮ್ಮನ ತವರಿನ ಹೆಸರು ಕೇಳಿದ. ಮ್ಯಾರಿನನ್ ಎಂದು ಅವಳು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಅವನು ಎಲ್ಲ ನೋಡಿ, ಆಗುತ್ತದೆ, ಟಿಕೆಟ್ ವಿಭಾಗಕ್ಕೆ ಕೇಳಿ ಬರುತ್ತೇನೆ, ಲೈನಿನಲ್ಲಿರಿ ಎಂದ. ಮತ್ತೆ ಪಿಟೀಲು. ಆಮೇಲೆ ಪಿಟೀಲೂ ಇಲ್ಲ, ಲೈನೇ ಕಡಿದುಹೋಗಿತ್ತು.

ನೋರೀನ್ ಫೋನಿನ ಮುಖ ನೋಡಿದಳು. ಬಯ್ಯಲಿಲ್ಲ. ಮೊದಲಿನಿಂದ ಮತ್ತೆ ಒತ್ತಿದಳು.

ಈ ಕಡೆ ನನ್ನ ಫೋನಿನಲ್ಲಿ ಕೋಲ್ಮನ್ ಗಾಬರಿಯಾಗಿದ್ದ. ಕುರ್ಚಿಯಲ್ಲಿ ಕೂರಲಾಗದೆ ಸೆನನ್ ಬೆಂಚಿನ ಮೇಲೆ ಮಲಗಿದ್ದ. ಮುಖ ಬೂದಿಯಾಗಿತ್ತು. ಅದಕ್ಕಿಂತ ಹೆಚ್ಚಾಗಿ ಒಬ್ಬ ಪೊಲೀಸಿನವನು ಹತ್ತಿರ ಬಂದು ಮಾತಾಡಿಸಿ ಹೋಗಿದ್ದ. ಅಷ್ಟು ವರ್ಷ ಸಮವಸ್ತ್ರ ಕಂಡರೆ ರಸ್ತೆ ದಾಟಿ ಆ ಕಡೆ ಹೋಗುತ್ತಿದ್ದ ಮನುಷ್ಯ ಸೆನನ್. ಈಗ ಎದ್ದು ಓಡುವ ಹಾಗೂ ಇರಲಿಲ್ಲ. ನನ್ನನ್ನು ರೂಮಿಗೆ ಕರೆದುಕೊಂಡು ಹೋಗು, ಟಿಕೆಟ್ಟೂ ಬೇಡ ಏನೂ ಬೇಡ ಎಂದು ಕೋಲ್ಮನ್‌ನ ಕೈ ಹಿಡಿದು ಹೇಳುತ್ತಿದ್ದಾನೆ ಎಂದ. ನೋರೀನ್, ಫೋನು ಸೆನನ್‌ಗೆ ಕೊಡು ಎಂದಳು.

"ಸೆನನ್, ಆ ಪೊಲೀಸು ಏನ್ ಕೇಳ್ದ?"

"ನೀರು ಬೇಕಾ ಅಂತ."

"ಬೇಕಾಗಿತ್ತಾ?"

"... ಹೂಂ."

"ಮತ್ತೆ ತಗೊಂಡು ಕುಡಿ."

ಅವನು ಕುಡಿದ ಎಂದು ಆಮೇಲೆ ಕೋಲ್ಮನ್ ಹೇಳಿದ. ದೇಶ ಬಿಟ್ಟು ಹೋಗುವವನನ್ನು ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ಕಾಗದ ಕೇಳುವುದೆಲ್ಲ ಬರುವವರ ಹತ್ತಿರ. ಅದು ನಮಗೆ ಗೊತ್ತಿತ್ತು, ಸೆನನ್‌ಗೂ ಗೊತ್ತಿತ್ತು. ಗೊತ್ತಿದ್ದು ಆಗುವುದೇನು, ಎದೆ ಹೊಡೆದುಕೊಳ್ಳುವುದು ನಿಲ್ಲಬೇಕಲ್ಲ.

ಎರಡನೇ ಸಲ ಫೋನು ಎತ್ತಿದವಳು ಚಿಕ್ಕ ವಯಸ್ಸಿನವಳು, ಕೆಲಸಕ್ಕೆ ಹೊಸಬಳಿರಬೇಕು, ಮಾತಿಗೊಮ್ಮೆ ತಡವರಿಸುತ್ತಿದ್ದಳು. ನೋರೀನ್ ಮತ್ತೆ ಹುಟ್ಟಿದ ದಿನ, ವಿಳಾಸ, ಮ್ಯಾರಿನನ್ ಎಲ್ಲ ಒಪ್ಪಿಸಿದಳು. ಆ ಹುಡುಗಿ, ನನಗೆ ಇದನ್ನು ಮಾಡಲು ಬರುವುದಿಲ್ಲ, ಬರುವವರನ್ನು ಕರೆದುಕೊಂಡು ಬರುತ್ತೇನೆ ಎಂದಳು. ನೋರೀನ್ ತಕ್ಷಣ, ಮತ್ತೆ ಸಂಗೀತಕ್ಕೆ ಹಾಕಬೇಡಿ, ಹೋದ ಸಲ ಅಲ್ಲೇ ಕಡಿದುಹೋಯಿತು ಎಂದಳು. ನಾನು ಅವಳ ಜೊತೆ ಇದ್ದಷ್ಟು ವರ್ಷದಲ್ಲಿ ಅವಳು ಒಬ್ಬರನ್ನು ಬೇಡಿಕೊಂಡದ್ದು ಕೇಳಿದ್ದು ಅದೇ ಮೊದಲು.

"ಹಾಕಲ್ಲ," ಅಂದಳು ಹುಡುಗಿ. "ಫೋನ್ ಮೇಜಿನ ಮೇಲೆ ಹಾಗೇ ಇಟ್ಟು ಹೋಗ್ತೀನಿ. ನೀವೂ ಇಡ್ಬೇಡಿ."

ನಮಗೆ ಆ ಆಫೀಸಿನ ಸದ್ದೆಲ್ಲ ಕೇಳುತ್ತಿತ್ತು. ಯಾರೋ ನಡೆದು ಹೋದದ್ದು, ಯಾರೋ ಸೀನಿದ್ದು, ಬೇರೆ ಯಾರೋ ಬೇರೆ ಯಾರಿಗೋ ಸಮಾಧಾನ ಹೇಳುತ್ತಿದ್ದುದು. ಕೌಂಟರ್ ಮುಚ್ಚುವ ಹೊತ್ತಾಯಿತು ಎಂದು ಕೋಲ್ಮನ್ ಹೇಳಿದ. ಕೌಂಟರಿನವಳು ಇನ್ನೊಂದು ಸ್ವಲ್ಪ ಕಾಯುತ್ತೇನೆ ಎಂದಳಂತೆ. ನೋರೀನ್ ಎರಡೂ ಫೋನು ಎರಡು ಕೈಯಲ್ಲಿ ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದಳು. ನನಗೆ ಅವಳ ಮುಖ ನೋಡಲಾಗಲಿಲ್ಲ. ಎದ್ದು ಹೋಗಿ ಅಗತ್ಯವಿಲ್ಲದಿದ್ದರೂ ಕೆಟಲ್ ತುಂಬಿಸಿದೆ.

ಓಡಿ ಬಂದ ಹೆಜ್ಜೆ ಸದ್ದು, ಕುರ್ಚಿ ಎಳೆದ ಸದ್ದು. "ಮೇಡಂ, ಈಗ ನೋಡೋಕೆ ಹೇಳಿ," ಅಂದಳು ಹುಡುಗಿ, ಏದುಸಿರು ಬಿಡುತ್ತಾ.

ಕೋಲ್ಮನ್‌ಗೆ ಹೇಳಿದೆವು. ಅವನು ಕೌಂಟರಿನವಳಿಗೆ ಹೇಳಿದ. ಇನ್ನೂ ಇಲ್ಲ ಎಂದಳು. ಮತ್ತೆ ನೋಡಿದಳು. ಬಂತು ಎಂದಳು.

ನಾನು ಕೂತುಬಿಟ್ಟೆ. ನೋರೀನ್ ಕೂರಲಿಲ್ಲ. ಒಳ್ಳೆಯದೇ ಆಯಿತು, ಏಕೆಂದರೆ ಇನ್ನೂ ಮುಗಿದಿರಲಿಲ್ಲ. ಗಲಾಟೆ ಏನೆಂದು ನೋಡಲು ಬಂದ ಮೇಲ್ವಿಚಾರಕಿ ಡಾಕ್ಟರರ ಪತ್ರ ಓದಿ, ಬೆಂಚಿನ ಮೇಲೆ ಮಲಗಿದ್ದ ಸೆನನ್‌ನನ್ನು ನೋಡಿ ತಡೆದಳು. ಏನಾದರೂ ಆದರೆ ತಾನೇ ಎದ್ದು ಬಾಗಿಲವರೆಗೆ ಬರಲಾಗದ ಪ್ರಯಾಣಿಕನನ್ನು ಒಂಟಿಯಾಗಿ ಹತ್ತಿಸುವ ಹಾಗಿಲ್ಲ, ಪಕ್ಕದಲ್ಲಿ ಜೊತೆಗಾರರು ಇರಬೇಕು ಎಂದಳು. ಕೋಲ್ಮನ್ ಬರುವ ಹಾಗಿಲ್ಲ, ಅವನದೂ ಸೆನನ್‌ನದೇ ಕತೆ, ಹೋದರೆ ಹೋದ ಹಾಗೆ. ಇರುವುದು ಒಂದೇ ಸೀಟು. ಅವಳ ಮಾತಿನಲ್ಲಿ ಕೆಡುಕೇನೂ ಇರಲಿಲ್ಲ. ಬೆಂಚಿನ ಮೇಲೆ ಅವನನ್ನು ಕಂಡ ಯಾರಾದರೂ ಹಾಗೇ ಹೇಳುತ್ತಿದ್ದರು.

ಕೋಲ್ಮನ್ ಇದನ್ನೆಲ್ಲ ನಮಗೆ ಹೇಳುತ್ತಿದ್ದಾಗ ಹಿಂದಿನಿಂದ ಸೆನನ್‌ನ ದನಿ ಕೇಳಿತು. "ಅವರಿಗೆ ಹೇಳು, ನಾನು ಏಳ್ತೀನಿ, ನೋಡ್ಲಿ ಅಂತ."

"ಬೇಡ ಅನ್ನು ಅವನಿಗೆ," ಅಂದಳು ನೋರೀನ್. ಆಮೇಲೆ ತಾನೇ, "ಇಲ್ಲ, ಬಿಡು. ಏನೂ ಹೇಳ್ಬೇಡ," ಅಂದಳು.

ಮುಂದಿನದು ನಮಗೆ ಬರೀ ಸದ್ದು. ಕೋಲ್ಮನ್ ಫೋನು ಹಿಡಿದಿದ್ದಾನೆ ಎನ್ನುವುದನ್ನೇ ಮರೆತಿದ್ದ. ಬೆಂಚು ಕಿರುಗುಟ್ಟಿತು. ಊರುಗೋಲಿನ ರಬ್ಬರು ನೆಲಕ್ಕೆ ಊರಿದ ಸದ್ದು. ಒಂದು, ಸ್ವಲ್ಪ ಬಿಟ್ಟು ಇನ್ನೊಂದು. ಆ ಕಂಬದವರೆಗೆ ಹೋಗಿ ಬರುತ್ತೇನೆ ಎಂದು ಅವನೇ ಹೇಳಿದ್ದು ಕೇಳಿಸಿತು. ಸದ್ದು ದೂರ ಹೋಯಿತು, ಸುತ್ತಲಿನ ಜನರ ಗದ್ದಲದಲ್ಲಿ ಕಳೆದುಹೋಯಿತು. ನೋರೀನ್ ಕಣ್ಣು ಮುಚ್ಚಿಕೊಂಡಿದ್ದಳು. ಮತ್ತೆ ಹತ್ತಿರ ಬರುತ್ತಿದೆ ಅನ್ನುವಾಗ ಏನೋ ಪಟಾರನೆ ನೆಲಕ್ಕೆ ಬಿತ್ತು. ಮೇಲ್ವಿಚಾರಕಿ ಏನೋ ಅಂದಳು, ಕೋಲ್ಮನ್ "ಸೆನನ್" ಅಂದ. ನೋರೀನ್ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಬೇಡ, ಯಾರೂ ಹಿಡೀಬೇಡಿ," ಅಂದ ಸೆನನ್‌ನ ದನಿ, ನಿಧಾನವಾಗಿ. ಬಿದ್ದದ್ದು ಒಂದು ಊರುಗೋಲು. ಅವನು ಕೌಂಟರಿನ ಅಂಚು ಹಿಡಿದು ನಿಂತಿದ್ದ. ಇನ್ನೊಂದು ಕೋಲಿನ ಮೇಲೆ ಭಾರ ಬಿಟ್ಟು, ಉಳಿದ ದಾರಿಯನ್ನು ಹಾಗೇ ನಡೆದು ಬಂದು ಗಾಲಿಕುರ್ಚಿಯಲ್ಲಿ ತಾನೇ ಕೂತು, ತಾನೇ ಪಟ್ಟಿ ಬಿಗಿದುಕೊಂಡು, ತಾನೇ ಬಿಚ್ಚಿ ಮತ್ತೆ ಎದ್ದು ನಿಂತನಂತೆ. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಮೇಲ್ವಿಚಾರಕಿ ಕೌಂಟರಿನವಳಿಗೆ, ಬಾಗಿಲಿಗೆ ಹತ್ತಿರದ ಸೀಟು ಕೊಡು ಎಂದಳು.

ಕೋಲ್ಮನ್ ಅವನನ್ನು ತಪಾಸಣೆಯ ಸಾಲಿನವರೆಗೆ ಬಿಟ್ಟು ಬಂದು ನಮಗೆ ತಿಳಿಸಿದ. ಅವರಿಬ್ಬರೂ ಒಂದೇ ಕೋಣೆಯಲ್ಲಿ ಎಷ್ಟೋ ವರ್ಷ ಬಾಳಿದವರು, ಇನ್ನು ಎಂದು ನೋಡುತ್ತಾರೋ. ಏನು ಮಾತಾಡಿಕೊಂಡರೋ ನಾವು ಕೇಳಲಿಲ್ಲ. ನೋರೀನ್ ಅವನಿಗೆ ಥ್ಯಾಂಕ್ಸ್ ಹೇಳಿ ಫೋನಿಟ್ಟಳು. ಆಮೇಲೆ ಸಿಂಕಿನ ಹತ್ತಿರ ಹೋಗಿ ಮುಖ ತೊಳೆದುಕೊಂಡು, ಒಣಗಿಹೋಗಿದ್ದ ಸ್ಯಾಂಡ್‌ವಿಚ್ಚನ್ನು ನಿಂತುಕೊಂಡೇ ತಿಂದಳು.

ಬೆಳಿಗ್ಗೆ ಅವಳ ಕಾರಿನಲ್ಲಿ ಶ್ಯಾನನ್‌ಗೆ ಹೋದೆವು. ವಿಮಾನ ಇಳಿದಿದೆ ಎಂದು ಬೋರ್ಡಿನಲ್ಲಿ ಬಂತು. ಜನ ಹೊರಗೆ ಬರತೊಡಗಿದರು. ಮುಂದಿನ ಕ್ಲಾಸಿನವರು ಮೊದಲು ಬರಬೇಕಲ್ಲ, ಅವರೆಲ್ಲ ಬಂದು ಹೋದರು. ಹಿಂದಿನವರು ಬಂದರು, ಮಕ್ಕಳನ್ನು ಎತ್ತಿಕೊಂಡವರು ಬಂದರು, ಪೈಲಟ್ಟುಗಳೂ ಹೋದರು. ಬಾಗಿಲು ಮುಚ್ಚಿಕೊಂಡಿತು. ನೋರೀನ್ ಬ್ಯಾಗಿನ ಹಿಡಿಯನ್ನು ತಿರುಚುತ್ತಿದ್ದಳು.

ಕೊನೆಗೆ ಬಾಗಿಲು ಸರಿಯಿತು. ಸಿಬ್ಬಂದಿಯವನೊಬ್ಬ ಗಾಲಿಕುರ್ಚಿ ತಳ್ಳಿಕೊಂಡು ಬಂದ. ಅದರಲ್ಲಿ ಒಬ್ಬ ಮುದುಕನಿದ್ದ. ತಲೆ ಪೂರ್ತಿ ಬೋಳು, ಕೆನ್ನೆ ಒಳಕ್ಕೆ ಹೋಗಿತ್ತು, ತೊಡೆಯ ಮೇಲೆ ವಿಮಾನದ ಹೊದಿಕೆ. ನನಗೆ ಗುರುತೇ ಸಿಗಲಿಲ್ಲ. ನನ್ನ ನೆನಪಿನಲ್ಲಿದ್ದವನು ಕ್ಯಾರಿಗಹೋಲ್ಟಿನ ಹಡಗುಕಟ್ಟೆಯಿಂದ ತಲೆಕೆಳಗಾಗಿ ನೀರಿಗೆ ಹಾರಿ ಬೀಳುತ್ತಿದ್ದ ಕೆಂಪುಗೂದಲಿನ ಹುಡುಗ. ನೋರೀನ್ ಮಾತ್ರ ಆಗಲೇ ನಡೆದು ಹೋಗಿ ಅವನ ಎದುರು ನಿಂತಿದ್ದಳು.

"ಎಷ್ಟು ದಪ್ಪ ಆಗಿದ್ದೀಯೇ," ಅಂದ ಸೆನನ್.

"ಕೂದ್ಲು ಎಲ್ಲಿ ಬಿಟ್ಟು ಬಂದೆ?"

ಅವನು ನಕ್ಕ. ನೋರೀನ್ ಬಗ್ಗಿ ಅವನ ಹೊದಿಕೆ ಸರಿಮಾಡಿದಳು. ಸರಿ ಇದ್ದದ್ದನ್ನೇ ಸರಿಮಾಡಿದಳು. ರಾತ್ರಿ ನಿದ್ದೆ ಬಂತಾ ಎಂದು ಕೇಳಿದಳು.

"ಮಲಗಿದ್ದೆ. ನಿದ್ದೆ ಬರ್ಲಿಲ್ಲ. ರೇಷ್ಮೆ ದಿಂಬು ಕೊಟ್ರು, ಅದೇನೋ ಮೀನು ಕೊಟ್ರು. ಆ ಹುಡ್ಗಿ ಬಂದು ಸರ್ ಸರ್ ಅಂತಿದ್ಲು, ಯಾರನ್ನ ಕರೀತಾಳೆ ಅಂತ ನಾನು ಹಿಂದೆ ನೋಡ್ದೆ."

ಆಂಬುಲೆನ್ಸಿನವರು ಕಾಯುತ್ತಿದ್ದರು. ಹಾಸಿಗೆಯ ಮೇಲೆ ಅವನನ್ನು ಮಲಗಿಸುವಾಗ ನೋವಿಗೆ ಅವನ ಮುಖ ಕಿವುಚಿಕೊಂಡಿತು. ನೋರೀನ್ ಅವನ ಪಕ್ಕದಲ್ಲಿ ಹತ್ತಿ ಕೂತಳು. ನಾನು ಅವಳ ಕಾರು ಓಡಿಸಿಕೊಂಡು ಹಿಂದೆ ಹೋದೆ.

ಎರಡು ರಾತ್ರಿ ಮನೆಯಲ್ಲಿ ಮಲಗಿದ್ದು, ಸೋಮವಾರ ಲಿಮರಿಕ್‌ನ ಆಸ್ಪತ್ರೆಗೆ ಸೇರಿದವನು ಬೇಸಿಗೆ ಪೂರ್ತಿ ಅಲ್ಲೇ ಇದ್ದ. ಸುಲಭವಾಗಿರಲಿಲ್ಲ. ಮನೆಗೆ ಬಂದ ಮೇಲೂ ಮೊದಮೊದಲು ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಬಾಸ್ಟನ್ ಹೊತ್ತಿಗೆ ಏಳುತ್ತಿದ್ದ, ಕೋಲ್ಮನ್‌ಗೆ ಫೋನು ಮಾಡಿ ಆ ಕಡೆಯ ಕೆಲಸದ ವಿಷಯ ಕೇಳುತ್ತಾ ಕೂರುತ್ತಿದ್ದ. ನೋರೀನ್‌ಗೂ ಅವನಿಗೂ ದಿನಕ್ಕೊಂದು ಜಗಳ, ಚಹಾ ನೀರಾಯಿತು, ಬಾಗಿಲು ಹಾಕಲಿಲ್ಲ ಎಂದು. ಅಮ್ಮನ ವಿಷಯದಲ್ಲಿ ಮಾತ್ರ ಜಗಳ ಆಡಿದ್ದು ನಾನು ಕೇಳಿಲ್ಲ. ಒಂದು ಭಾನುವಾರ ಇಬ್ಬರೂ ಗೋರಿಯ ಹತ್ತಿರ ಹೋಗಿ ಬಂದರು. ಅಷ್ಟು ಮಾತ್ರ ನನಗೆ ಗೊತ್ತು.

ಈಗ ಕೋಲು ಹಿಡಿದು ನಡೆಯುತ್ತಾನೆ. ಊರಿನ ಯಾವ ಮನೆಯ ಸೂರೂ ಅವನಿಗೆ ಒಪ್ಪಿಗೆಯಿಲ್ಲ, ಎಲ್ಲವನ್ನೂ ಯಾರೋ ಕುರುಡರು ಹೊದಿಸಿದ್ದಾರೆ ಎನ್ನುತ್ತಾನೆ. ಹೋದ ಶರತ್ಕಾಲದಲ್ಲಿ ಒಂದು ಬೆಳಿಗ್ಗೆ ಕಿಲ್ಕೀಯಲ್ಲಿ ಸೊಂಟಕ್ಕೆ ವ್ಯಾಯಾಮ ಮಾಡಿಸುವವರ ಹತ್ತಿರ ಹೋಗಬೇಕಿತ್ತು, ನೋರೀನ್ ಕಾರು ಕೆಟ್ಟಿತ್ತು. ಬಸ್ಸಿನಲ್ಲೇ ಬಂದು ನನ್ನ ಪಕ್ಕ ಕೂತ. ಮಕ್ಕಳು ಅವನನ್ನು ಮೇಲಿಂದ ಕೆಳಗೆ ನೋಡಿದರು. ಒಬ್ಬಳು ಧೈರ್ಯ ಮಾಡಿ, ಇವರು ಯಾರು ಎಂದು ಕೇಳಿದಳು.

"ನನ್ನ ತಮ್ಮ," ಅಂದಳು ನೋರೀನ್, ಕನ್ನಡಿಯಲ್ಲಿ ನೋಡುತ್ತಾ.

ಇಷ್ಟು ದಿನ ಎಲ್ಲಿದ್ದರು ಎಂದು ಕೇಳಿದಳು ಹುಡುಗಿ.

"ಕೆಲ್ಸಕ್ಕೆ ಹೋಗಿದ್ದ," ಅಂದಳು ನೋರೀನ್. ಗೇರು ಹಾಕಿದಳು.